ಫ್ರಿಡ್ಜ್ ತುಂಬ ಡಬ್ಬಿ, ತಟ್ಟೆ ಮಾತ್ರ ಖಾಲಿ

ಪ್ರಶ್ನೆ: ನನ್ನ ಅಮ್ಮನಿಗೆ 76 ವರ್ಷ. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ಅಮ್ಮ ಒಬ್ಬರೇ ಇದ್ದಾರೆ, ನಾನು ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಹೋದಾಗಲೆಲ್ಲ ಫ್ರಿಡ್ಜ್ ತುಂಬ ಹಳೇ ಡಬ್ಬಿಗಳು. ಕೆಲವದಕ್ಕೆ ಬೂಸ್ಟು ಬಂದಿರುತ್ತದೆ. ಎಸೆಯಲು ಹೋದರೆ ಜಗಳ. ಎರಡು ತಿಂಗಳ ಹಿಂದೆ ಅವರಿಗೆ ವಾಂತಿ-ಭೇದಿ ಶುರುವಾಯಿತು. ಎರಡನೇ ದಿನ ರಾತ್ರಿ ನನ್ನನ್ನು ತಮ್ಮ ಅಕ್ಕ ಅಂದುಕೊಂಡು ಮಾತಾಡಿದರು, ಗೋಡೆ ಮೇಲೆ ಹುಳ ಹರಿಯುತ್ತಿವೆ ಅಂದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಮೂರು ದಿನದಲ್ಲಿ ಸರಿಹೋಯಿತು. ಆಮೇಲೆ ಎಲ್ಲ ಉಲ್ಟಾ. ಈಗ ಏನು ಕೊಟ್ಟರೂ ಅನುಮಾನ. ದಿನವಿಡೀ ಮೊಬೈಲಿನಲ್ಲಿ ಕಲಬೆರಕೆಯ ವೀಡಿಯೊ ನೋಡುತ್ತಾರೆ. ಹಾಲು ಬೇಡ, ಹಣ್ಣು ಬೇಡ, ನಾನು ಮಾಡಿಕೊಂಡು ಹೋದದ್ದೂ ಬೇಡ. 61 ಕೆಜಿ ಇದ್ದವರು 56ಕ್ಕೆ ಇಳಿದಿದ್ದಾರೆ. ಅಣ್ಣ 'ಮರೆವಿನ ಕಾಯಿಲೆ ಶುರುವಾಗಿದೆ' ಅನ್ನುತ್ತಾನೆ. ಪಕ್ಕದ ಮನೆಯವರು 'ವಯಸ್ಸಾಯ್ತಲ್ಲ, ಅರಳು ಮರಳು' ಅನ್ನುತ್ತಾರೆ. ಅಮ್ಮ ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಜೊತೆಗೆ ಆಸಿಡಿಟಿ ಮಾತ್ರೆ ತಗೊಳ್ಳುತ್ತಿದ್ದಾರೆ. ಇದು ಹೊಟ್ಟೆಯ ತೊಂದರೆಯಾ, ತಲೆಯದಾ? ಅವರ ಅಡುಗೆ ನಿಲ್ಲಿಸಿ ಊಟ ಹೊರಗಿನಿಂದ ತರಿಸಿಬಿಡಬೇಕಾ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆ, ಬರೆದಿರುವುದು ಮೂರು ಸಂಗತಿ. ಎರಡೇ ದಿನದಲ್ಲಿ ಬಂದು ಮೂರೇ ದಿನದಲ್ಲಿ ಹೋದ ಗೊಂದಲ ಒಂದು. ಎರಡು ತಿಂಗಳಿಂದ ಕಡಿಮೆಯಾಗುತ್ತಿರುವ ಊಟ ಇನ್ನೊಂದು. ಒಂದೂವರೆ ವರ್ಷದಿಂದ ತುಂಬುತ್ತಿರುವ ಫ್ರಿಡ್ಜ್ ಮತ್ತೊಂದು. ಮೂರನ್ನೂ ಒಂದೇ ಗಂಟು ಕಟ್ಟಿ 'ಮರೆವು' ಅಂತ ಚೀಟಿ ಅಂಟಿಸಿದರೆ ದಾರಿ ತಪ್ಪುತ್ತದೆ. ವಯಸ್ಸಾದವರನ್ನು ಯಾರಾದರೂ ಕರೆದುಕೊಂಡು ಬಂದಾಗ ನಾನು ಮೊದಲು ಕೇಳುವುದು 'ಎಷ್ಟು ದಿನದಿಂದ?' ಅಂತ. ಗಂಟೆ, ದಿನಗಳಲ್ಲಿ ಬಂದದ್ದಕ್ಕೆ ಹೆಚ್ಚಾಗಿ ದೇಹದಲ್ಲಿ ಕಾರಣ ಇರುತ್ತದೆ. ವಾರ, ತಿಂಗಳುಗಳಲ್ಲಿ ಬಂದದ್ದಾದರೆ ಮನಸ್ಸಿನ ಕಡೆಗೂ ನೋಡಬೇಕು. ಮರೆವಿನ ಕಾಯಿಲೆ ಸಾಮಾನ್ಯವಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬರುವಂಥದ್ದು. ಇದು ಕಲ್ಲಿನ ಮೇಲೆ ಬರೆದ ನಿಯಮ ಅಲ್ಲ, ಆದರೆ ಹುಡುಕಾಟ ಶುರುಮಾಡಲು ಸಾಕು.

ಮೊದಲು ಆ ರಾತ್ರಿಯ ವಿಚಾರ. ನಾವು ಡೆಲಿರಿಯಂ ಅನ್ನುವುದಕ್ಕೆ ಹಿರಿಯರ ಬಾಯಲ್ಲಿ ಒಂದು ಹಳೇ ಪದ ಇದೆ: ಸನ್ನಿ. ದೇಹದಲ್ಲಿ ಸೋಂಕು, ಜ್ವರ, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಅನ್ನುವ ಉಪ್ಪಿನಂಶದ ಏರುಪೇರು ಯಾವುದೇ ಆದರೂ ವಯಸ್ಸಾದ ಮಿದುಳು ಒಮ್ಮೆಲೇ ತಬ್ಬಿಬ್ಬಾಗುತ್ತದೆ. ಬೆಳಿಗ್ಗೆ ಸರಿ ಇದ್ದವರು ಸಂಜೆ ಏನೇನೋ ಮಾತಾಡುತ್ತಾರೆ. ಇಲ್ಲದ್ದು ಕಾಣುತ್ತದೆ. ಒಂದು ಮಾತಿನ ಮೇಲೆ ಗಮನ ನಿಲ್ಲುವುದಿಲ್ಲ. ಮೂಲ ಕಾರಣ ಹೋದರೆ ಇದೂ ಹೆಚ್ಚಾಗಿ ಹೋಗುತ್ತದೆ. ನಿಮ್ಮ ಅಮ್ಮನಿಗೆ ಆದದ್ದು ಅಚ್ಚುಕಟ್ಟಾಗಿ ಇದೇ ಚಿತ್ರ. ಹಾಗಾಗಿ ಆ ಒಂದು ರಾತ್ರಿಯನ್ನು ಹಿಡಿದುಕೊಂಡು ನಿಮ್ಮ ಅಣ್ಣ ತೀರ್ಮಾನ ಕೊಡುವುದು ಬೇಡ. ಆದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕುವುದೂ ಬೇಡ. ಒಮ್ಮೆ ಸನ್ನಿ ಬಂದವರಲ್ಲಿ ಮುಂದೆ ಮರೆವಿನ ಕಾಯಿಲೆ ಕಾಣಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅದಕ್ಕೇ ಎಲ್ಲ ಶಾಂತವಾದ ಮೇಲೆ, ಕೆಲವು ತಿಂಗಳು ಬಿಟ್ಟು, ಒಮ್ಮೆ ನೆನಪಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಆಸ್ಪತ್ರೆಯ ಹಾಸಿಗೆ ಮೇಲೆ ಅದನ್ನು ಮಾಡಿದರೆ ಯಾರೂ ಪಾಸಾಗುವುದಿಲ್ಲ.

ಇನ್ನೊಂದು ಮಾತು. ಎಲ್ಲ ಸನ್ನಿಯೂ ಕೂಗಾಡುವ ಸನ್ನಿಯಲ್ಲ. ಕೆಲವರು ಸುಮ್ಮನೆ ಮಂಕಾಗಿ ಮಲಗಿಬಿಡುತ್ತಾರೆ. 'ಪಾಪ, ಸುಸ್ತಾಗಿದೆ, ಮಲಗಲಿ' ಅಂತ ಮನೆಯವರು ಬಾಗಿಲು ಎಳೆದುಕೊಳ್ಳುತ್ತಾರೆ. ನನಗೆ ಹೆಚ್ಚು ಹೆದರಿಕೆ ಈ ಎರಡನೇ ಬಗೆಯದು.

ಅದೇ ಡಬ್ಬಿಯ ಊಟ ನೀವು ತಿಂದಿದ್ದರೆ ಒಂದು ದಿನ ಹೊಟ್ಟೆ ಕೆಟ್ಟು ಮುಗಿಯುತ್ತಿತ್ತೇನೋ. ಅಮ್ಮನಿಗೆ ಆಸ್ಪತ್ರೆ ಯಾಕೆ ಬೇಕಾಯಿತು? ಹೊಟ್ಟೆಯ ಆಮ್ಲ ನಮ್ಮ ಮೊದಲ ಕಾವಲುಗಾರ. ಊಟದ ಜೊತೆ ಒಳಗೆ ಹೋಗುವ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟನ್ನು ಅದು ಅಲ್ಲೇ ಮುಗಿಸುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಆ ಆಮ್ಲ ತಾನಾಗಿ ಕಡಿಮೆಯಾಗುತ್ತದೆ. ಅದರ ಮೇಲೆ ಆಸಿಡಿಟಿ ಮಾತ್ರೆ ಬಿದ್ದರೆ ಕಾವಲುಗಾರನಿಗೆ ಪೂರ್ತಿ ರಜೆ ಕೊಟ್ಟಂತೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಬಗೆಯ ಮಾತ್ರೆ ನುಂಗುವವರಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾಗಳ ಸೋಂಕು ಹೆಚ್ಚು ಅನ್ನುವುದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹಾಗಂತ ನಾಳೆಯೇ ಮಾತ್ರೆ ಕಿತ್ತುಹಾಕಬೇಡಿ. ಹುಣ್ಣು, ರಕ್ತಸ್ರಾವ ಆಗಿದ್ದವರಿಗೆ ಅದು ಬೇಕೇ ಬೇಕು. 'ಇದು ಇನ್ನೂ ಬೇಕಾ?' ಅಂತ ವೈದ್ಯರನ್ನು ಕೇಳಿ. ಎಷ್ಟೋ ಜನರಿಗೆ ಎರಡು ತಿಂಗಳಿಗೆ ಅಂತ ಬರೆದ ಮಾತ್ರೆ ಹತ್ತು ವರ್ಷ ನಡೆದಿರುತ್ತದೆ. ಯಾರೂ ನಿಲ್ಲಿಸಿ ಅಂದಿಲ್ಲ, ಅಷ್ಟೇ.

ಎರಡನೆಯದು ಬಾಯಾರಿಕೆ. 1984ರಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ಆರೋಗ್ಯವಾಗಿದ್ದ ವಯಸ್ಸಾದ ಗಂಡಸರನ್ನೂ ಯುವಕರನ್ನೂ 24 ಗಂಟೆ ನೀರು ಕೊಡದೆ ಇಟ್ಟು, ಆಮೇಲೆ ಬೇಕಾದಷ್ಟು ಕುಡಿಯಲು ಬಿಟ್ಟರು. ದೇಹಕ್ಕೆ ನೀರು ಬೇಕಿದ್ದರೂ ವಯಸ್ಸಾದವರಿಗೆ ಅಷ್ಟಾಗಿ ಬಾಯಾರಲಿಲ್ಲ. ಅವರು ಕುಡಿದದ್ದೂ ಕಡಿಮೆ. ಈಗ ಭೇದಿ ಆಗುತ್ತಿರುವ 76ರ ಹೆಂಗಸನ್ನು ನೆನೆಯಿರಿ. ನೀರು ಹೋಗುತ್ತಲೇ ಇದೆ, ಬೇಕು ಅಂತ ನಾಲಿಗೆ ಹೇಳುತ್ತಿಲ್ಲ. ಬಾಯಾರಿದಾಗ ಕುಡಿಯಿರಿ ಅನ್ನುವ ಸಲಹೆ ಈ ವಯಸ್ಸಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಭೇದಿ ಶುರುವಾದ ಕೂಡಲೇ ಒಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು. ಹೃದಯ, ಕಿಡ್ನಿ ತೊಂದರೆ ಇದ್ದವರು ಎಷ್ಟು ಅಂತ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಮೆಟ್‌ಫಾರ್ಮಿನ್ ವಿಷಯವನ್ನೂ ಈಗಲೇ ಕೇಳಿಟ್ಟುಕೊಳ್ಳಿ: ಮುಂದೆ ವಾಂತಿ-ಭೇದಿ ಆದರೆ ಆ ದಿನಗಳಲ್ಲಿ ಅದನ್ನು ನಿಲ್ಲಿಸಬೇಕಾ ಅಂತ. ದೇಹದಲ್ಲಿ ನೀರು ಕಮ್ಮಿಯಾದಾಗ ಕಿಡ್ನಿ ಸೋತರೆ ಆ ಮಾತ್ರೆ ಅಪಾಯ ತರಬಹುದು. ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಗೂ ಇದೇ ಮಾತು.

ಇನ್ನು ಫ್ರಿಡ್ಜ್. ಮೂಗಿಗೆ ಕೆಟ್ಟ ವಾಸನೆ ಬರದಿದ್ದರೆ ತಿನ್ನಬಹುದು ಅನ್ನುವುದು ಎಲ್ಲರ ನಂಬಿಕೆ. ಊಟ ಹಳಸಿದೆ ಅಂತ ಮೂಗಿಗೆ ಹೇಳುವ ಸೂಕ್ಷ್ಮಜೀವಿಗಳೇ ಬೇರೆ, ನಮ್ಮನ್ನು ಮಲಗಿಸುವ ಸೂಕ್ಷ್ಮಜೀವಿಗಳೇ ಬೇರೆ. ಸಾಲ್ಮೊನೆಲ್ಲಾ ಇರುವ ಊಟ ನೋಡಲು, ಮೂಸಲು ಚೆನ್ನಾಗಿಯೇ ಇರಬಹುದು. ಜೊತೆಗೆ ಆ ಮೂಗು ಯಾರದು ನೋಡಿ. 65ರಿಂದ 80ರ ನಡುವಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವಾಸನಾ ಶಕ್ತಿ ಗಣನೀಯವಾಗಿ ಕುಂದಿರುತ್ತದೆ, 80 ದಾಟಿದವರಲ್ಲಿ ಮುಕ್ಕಾಲಕ್ಕೂ ಮೇಲೆ ಅಂತ 1984ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಅಮ್ಮ 'ಮೂಸಿ ನೋಡಿದೆ, ಚೆನ್ನಾಗಿದೆ' ಅಂದಾಗ ಸುಳ್ಳು ಹೇಳುತ್ತಿಲ್ಲ. ಅವರ ಮೂಗಿಗೆ ಅದು ನಿಜವಾಗಿಯೂ ಚೆನ್ನಾಗಿದೆ.

'ಚೆನ್ನಾಗಿ ಕುದಿಸಿಬಿಟ್ಟರೆ ಆಯ್ತು' ಅನ್ನುವುದು ಅರ್ಧ ನಿಜ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಕೆಲವು ಜಾತಿಯವು ಊಟದಲ್ಲಿ ಮೊದಲೇ ವಿಷ ಬಿಟ್ಟಿರುತ್ತವೆ. ಬೇಯಿಸಿದ ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಬೆಳೆದು ವಾಂತಿ ಬರಿಸುವ ವಿಷ ಮಾಡುತ್ತದೆ. ಆ ವಿಷ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಸ್ಟ್ಯಾಫಿಲೊಕಾಕಸ್ ಬಿಡುವ ವಿಷವೂ ಹಾಗೇ. ಹಾಗಾಗಿ ಗಟ್ಟಿಯಾಗಿ ಹಿಡಿಯಬೇಕಾದ ನಿಯಮ ಬೇಯಿಸಿದ ನಂತರದ್ದು: ಎರಡು ಗಂಟೆಯೊಳಗೆ ಫ್ರಿಡ್ಜ್ ಒಳಗೆ. ಪೂರ್ತಿ ತಣ್ಣಗಾಗಲಿ ಅಂತ ಕಾಯುತ್ತಾ ಮರೆತು ಮಲಗುವುದೇ ಹೆಚ್ಚು. ದೊಡ್ಡ ಪಾತ್ರೆಯಿಂದ ತೆಗೆದು ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಂಚಿದರೆ ಬೇಗ ಆರುತ್ತದೆ. ಸೂಕ್ಷ್ಮಜೀವಿಗಳು ಹಿಗ್ಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಾ ಬಂದಿರುವ ಐದು ಸೂತ್ರಗಳಲ್ಲಿ ಇದೂ ಒಂದು. ಉಳಿದವು ಸ್ವಚ್ಛತೆ, ಹಸಿಯದನ್ನೂ ಬೆಂದದ್ದನ್ನೂ ಬೇರೆ ಇಡುವುದು, 70 ಡಿಗ್ರಿವರೆಗೆ ಪೂರ್ತಿ ಬೇಯಿಸುವುದು, ಶುದ್ಧ ನೀರು ಮತ್ತು ಒಳ್ಳೆಯ ಪದಾರ್ಥ. ಇದರಲ್ಲಿ ಹೊಸದೇನೂ ಇಲ್ಲ, ನಿಮ್ಮ ಅಮ್ಮನಿಗೆ ಇದನ್ನು ಪಾಠ ಮಾಡಲು ಹೋಗಬೇಡಿ. ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಫ್ರಿಡ್ಜ್‌ನಲ್ಲಿದ್ದರೆ ಕೆಡುವುದಿಲ್ಲ ಅನ್ನುವುದಂತೂ ಪೂರ್ತಿ ತಪ್ಪು. ಫ್ರಿಡ್ಜ್ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಆ ಚಳಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ಯುವಕರಿಗೆ ಅದು ತಾಗಿದ್ದೂ ಗೊತ್ತಾಗದೆ ಹೋಗಬಹುದು. ವಯಸ್ಸಾದವರಲ್ಲಿ ರಕ್ತಕ್ಕೆ, ಮಿದುಳಿನ ಪೊರೆಗೆ ಹಬ್ಬಿದರೆ ಐವರಲ್ಲಿ ಒಬ್ಬರಾದರೂ ಉಳಿಯುವುದಿಲ್ಲ. 2017-18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಬಂದು ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡದ್ದು ಇದರಿಂದಲೇ. ಬೇಯಿಸದೆ ತಿನ್ನುವ, ಸಂಸ್ಕರಿಸಿದ ತಣ್ಣನೆ ಮಾಂಸದ ತಿನಿಸಿನಲ್ಲಿ ಅದು ಸಿಕ್ಕಿತು. ಲಿಸ್ಟೀರಿಯಾ ತಿಂದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ವಾರಗಳೇ ಹಿಡಿಯಬಹುದು, 70 ದಿನದವರೆಗೂ. ಆದ್ದರಿಂದ 'ನಿನ್ನೆ ತಿಂದದ್ದೇ ಕಾರಣ' ಅಂತ ಆಣೆ ಮಾಡುವುದು ಕಷ್ಟ. ಸ್ಟ್ಯಾಫಿಲೊಕಾಕಸ್ ವಿಷವಾದರೆ ಕೆಲವೇ ಗಂಟೆ, ಕ್ಯಾಂಪಿಲೊಬ್ಯಾಕ್ಟರ್ ಆದರೆ ಎರಡರಿಂದ ಐದು ದಿನ. ಅಮ್ಮನಿಗೆ ತಂದದ್ದು ಯಾವ ಡಬ್ಬಿ ಅಂತ ಈಗ ಪತ್ತೆ ಹಚ್ಚಲಾಗುವುದಿಲ್ಲ, ಅದರಿಂದ ಉಪಯೋಗವೂ ಇಲ್ಲ.

ಈಗ ನನ್ನ ಪ್ರಕಾರ ಮುಖ್ಯವಾದ ಪ್ರಶ್ನೆ: ಡಬ್ಬಿಗಳು ಯಾಕೆ ತುಂಬುತ್ತಿವೆ?

ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ನಾನು ಮಾತಾಡುತ್ತಿದ್ದಂತೆ ಅವರು ಒಲೆಗೆ ಅನ್ನಕ್ಕಿಡಲು ಎದ್ದರು. ಅಕ್ಕಿ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ, ಎರಡು ಹಿಡಿ, ಮೂರು ಹಿಡಿ ಪಾತ್ರೆಗೆ ಹಾಕಿದರು. ನಿಂತರು. ಒಂದು ಹಿಡಿ ವಾಪಸ್ ಡಬ್ಬಕ್ಕೆ ಹಾಕಿದರು. ಮತ್ತೆ ಒಂದು ಕ್ಷಣ ಪಾತ್ರೆ ನೋಡಿದರು, ಆ ಹಿಡಿಯನ್ನು ತೆಗೆದು ಮತ್ತೆ ಪಾತ್ರೆಗೇ ಹಾಕಿದರು. ಐವತ್ತು ವರ್ಷ ಐದಾರು ಜನಕ್ಕೆ ಬೇಯಿಸಿದ ಕೈ ಅದು. ಆ ಕೈಗೆ ಒಬ್ಬರ ಅಳತೆಯೇ ಗೊತ್ತಿಲ್ಲ. ಗೊತ್ತಾದರೂ ಒಪ್ಪುವುದಿಲ್ಲ. ಮಿಕ್ಕದ್ದನ್ನು ಎಸೆಯಲು ಮನಸ್ಸಿಲ್ಲ, ಡಬ್ಬಿಗೆ ಹಾಕುತ್ತಾರೆ. ಆ ಹೊತ್ತಿಗೆ ನಾನು ಅವರ ನೆನಪಿನ ಪರೀಕ್ಷೆಯ ಹಾಳೆ ತೆಗೆದಿದ್ದೆ, ಮಡಚಿ ಒಳಗಿಟ್ಟೆ.

ನಿಮ್ಮ ಅಮ್ಮನ ಡಬ್ಬಿಗಳ ಹಿಂದೆಯೂ ಇಂಥದ್ದೇನೋ ಇರಬಹುದು. ಕಣ್ಣಿನ ಪೊರೆ ಇದ್ದರೆ ಬೂಸ್ಟು ಕಾಣುವುದಿಲ್ಲ, ಪೊಟ್ಟಣದ ಮೇಲಿನ ಸಣ್ಣ ತಾರೀಖಂತೂ ಕಾಣುವುದೇ ಇಲ್ಲ. ಬೆರಳ ಗಂಟು ನೋಯುತ್ತಿದ್ದರೆ ಬಿಗಿ ಮುಚ್ಚಳ ತೆಗೆಯಲಾಗದೆ ಡಬ್ಬಿ ಹಾಗೇ ಹಿಂದಕ್ಕೆ ಸರಿಯುತ್ತದೆ. ಊಟ ಮಾಡುವ ಮನಸ್ಸು ಹೋಗಿದ್ದರೆ ಬೇಯಿಸುವುದು ಅಭ್ಯಾಸಕ್ಕೆ, ಇಡುವುದು ಅಭ್ಯಾಸಕ್ಕೆ. ಎಲ್ಲದಕ್ಕಿಂತ ಕೊನೆಗೆ ಮರೆವು. ಮರೆವಿನ ಕಾಯಿಲೆಯಲ್ಲಿ ಇದೊಂದೇ ಬರುವುದಿಲ್ಲ. ಒಲೆ ಆರಿಸಲು ಮರೆಯುವುದು, ದುಡ್ಡಿನ ಲೆಕ್ಕ ತಪ್ಪುವುದು, ಗೊತ್ತಿರುವ ದಾರಿ ತಪ್ಪುವುದು, ಹೇಳಿದ್ದನ್ನೇ ಹೇಳುವುದು ಜೊತೆಜೊತೆಗೆ ಕಾಣುತ್ತವೆ. ನಿಮ್ಮ ಪತ್ರದಲ್ಲಿ ಅವು ಯಾವುವೂ ಇಲ್ಲ.

ತೂಕದ ವಿಚಾರಕ್ಕೆ ಬರೋಣ. ಇದು ನನಗೆ ಡಬ್ಬಿಗಿಂತ ಜಾಸ್ತಿ ಚಿಂತೆ ಕೊಟ್ಟಿತು. 61ರಿಂದ 56 ಅಂದರೆ ಶೇಕಡಾ 8ರಷ್ಟು. ಆರು ತಿಂಗಳಿಂದ ಒಂದು ವರ್ಷದೊಳಗೆ ಶೇಕಡಾ 5ಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿದರೆ ಕಾರಣ ಹುಡುಕಲೇಬೇಕು. ವಯಸ್ಸಾದಂತೆ ಹಸಿವು ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಇಷ್ಟು ಬೇಗ ಐದು ಕೆಜಿ ಕರಗುವುದು ವಯಸ್ಸಿನ ಕೆಲಸ ಅಲ್ಲ.

ಕಾರಣಗಳಲ್ಲಿ ಮೊದಲು ದೇಹದ್ದು. ಥೈರಾಯ್ಡ್, ಸಕ್ಕರೆ ಹತೋಟಿ, ಕಿಡ್ನಿ, ಹಲ್ಲು, ನುಂಗಲು ತೊಂದರೆ, ಎಲ್ಲೋ ಅಡಗಿರುವ ಗಡ್ಡೆ. ಇವನ್ನು ಪರೀಕ್ಷೆಯಿಂದ ದೂರ ಮಾಡಬೇಕು. ಮೆಟ್‌ಫಾರ್ಮಿನ್ ತಾನೇ ಹಸಿವು ಕುಗ್ಗಿಸಬಹುದು. ಅದಕ್ಕಿಂತ ಮುಖ್ಯವಾಗಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡರೆ ವಿಟಮಿನ್ ಬಿ12 ಇಳಿಯಬಹುದು, ಆಸಿಡಿಟಿ ಮಾತ್ರೆಯಿಂದಲೂ ಇಳಿಯಬಹುದು. ನಿಮ್ಮ ಅಮ್ಮ ಎರಡನ್ನೂ ತಗೊಳ್ಳುತ್ತಿದ್ದಾರೆ. ಬಿ12 ಕಡಿಮೆಯಾದರೆ ಸುಸ್ತು, ಕಾಲು ಜೋಮು, ಮರೆವು, ಬೇಸರ, ಕೆಲವೊಮ್ಮೆ ಅನುಮಾನ ಕೂಡ ಬರುತ್ತದೆ. ಒಂದು ರಕ್ತಪರೀಕ್ಷೆ, ಕೊರತೆ ಇದ್ದರೆ ಚುಚ್ಚುಮದ್ದು ಅಥವಾ ಮಾತ್ರೆ. ಇಷ್ಟು ಸುಲಭವಾಗಿ ಸಿಗುವ ಕಾರಣವನ್ನು ನೋಡದೆ ಮುಂದೆ ಹೋಗಬಾರದು. ಕರುಳು ಸೋಂಕಿನಿಂದ ಪೂರ್ತಿ ಚೇತರಿಸಿಕೊಳ್ಳದೆಯೂ ಇರಬಹುದು. ಇಂಥ ಸೋಂಕಿನ ನಂತರ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೊಟ್ಟೆ ಹಿಡಿಯುವುದು, ಉಬ್ಬರ, ಊಟವಾದ ಕೂಡಲೇ ಶೌಚಕ್ಕೆ ಓಡುವುದು ತಿಂಗಳುಗಟ್ಟಲೆ ಉಳಿಯುತ್ತದೆ. ಊಟ ಮಾಡಿದಾಗಲೆಲ್ಲ ಹೊಟ್ಟೆ ನೋಯುತ್ತಿದ್ದರೆ ಯಾರಿಗೆ ತಾನೇ ಊಟ ಬೇಕು? ಈ ವಿಷಯವನ್ನು ವಯಸ್ಸಾದವರು ಮಕ್ಕಳ ಹತ್ತಿರ ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಕೇಳಿ.

ಎರಡನೆಯದು ದೇಹ-ಮನಸ್ಸು ಎರಡೂ ಸೇರಿದ ಜಾಗ. 1955ರಲ್ಲಿ ಜಾನ್ ಗಾರ್ಸಿಯಾ ಅನ್ನುವ ಅಮೆರಿಕದ ವಿಜ್ಞಾನಿ ಇಲಿಗಳಿಗೆ ಸಿಹಿ ನೀರು ಕುಡಿಸುತ್ತಾ, ಮೈ ಕೆಡುವಷ್ಟು ವಿಕಿರಣ ಕೊಟ್ಟು ನೋಡಿದರು. ಆಮೇಲೆ ಆ ಇಲಿಗಳು ಸಿಹಿ ನೀರನ್ನೇ ಬಿಟ್ಟವು. ತಪ್ಪು ಸಿಹಿ ನೀರಿನದಲ್ಲ, ಆದರೆ ಇಲಿಯ ಮಿದುಳು ಲೆಕ್ಕ ಹಾಕಿದ್ದು ಹಾಗೆ. ಮನುಷ್ಯರೂ ಇದಕ್ಕೆ ಹೊರತಲ್ಲ. ಒಂದೇ ಒಂದು ಸಲ ವಾಂತಿಯಾದರೆ ಸಾಕು, ಅದಕ್ಕೆ ಮೊದಲು ತಿಂದ ಪದಾರ್ಥ ವರ್ಷಗಟ್ಟಲೆ ಗಂಟಲಲ್ಲಿ ಇಳಿಯುವುದಿಲ್ಲ. ನಿಮ್ಮ ಅಮ್ಮ ಬೇಡ ಅನ್ನುತ್ತಿರುವ ಪಟ್ಟಿಯಲ್ಲಿ ಆ ದಿನದ ಊಟ ಇದೆಯಾ ನೋಡಿ. ಇದ್ದರೆ ಅದನ್ನು ಒತ್ತಾಯ ಮಾಡದೆ ಬೇರೆ ರುಚಿಯಿಂದ ಶುರುಮಾಡಿ, ಸ್ವಲ್ಪ ಸ್ವಲ್ಪ.

ಮೂರನೆಯದು ಖಿನ್ನತೆ. ವಯಸ್ಸಾದವರ ಖಿನ್ನತೆ ಅಳುತ್ತಾ ಬರುವುದು ಕಡಿಮೆ. 'ಬೇಜಾರಾಗಿದೆ' ಅನ್ನುವ ಬದಲು 'ಹೊಟ್ಟೆ ಸರಿ ಇಲ್ಲ', 'ನಾಲಿಗೆಗೆ ರುಚಿಯೇ ಇಲ್ಲ', 'ನಿದ್ದೆ ಬರಲ್ಲ' ಅನ್ನುತ್ತಾರೆ. 60 ದಾಟಿದವರಲ್ಲಿ ಸುಮಾರು ಶೇಕಡಾ 14 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತ್ತು. ಅದರಲ್ಲಿ ಖಿನ್ನತೆ, ಆತಂಕವೇ ಹೆಚ್ಚು. ಅಪ್ಪ ಹೋಗಿ ಒಂದೂವರೆ ವರ್ಷವಾಗಿದೆ. ದುಃಖಕ್ಕೆ ಗಡುವು ಹಾಕಲು ನಾನು ಹೋಗುವುದಿಲ್ಲ, ಆದರೆ ವರ್ಷ ಕಳೆದರೂ ದಿನದ ಬದುಕೇ ನಡೆಯದಷ್ಟು ಅದು ಹಿಡಿದಿಟ್ಟಿದ್ದರೆ ಅದಕ್ಕೂ ಈಗ ವೈದ್ಯಶಾಸ್ತ್ರದಲ್ಲಿ ಹೆಸರಿದೆ, ಚಿಕಿತ್ಸೆ ಇದೆ. 15 ಪ್ರಶ್ನೆಗಳ, ಹೌದು-ಇಲ್ಲ ಅಂತ ಉತ್ತರಿಸುವ ಒಂದು ಸರಳ ಪಟ್ಟಿಯಿಂದ ವೈದ್ಯರು ಐದೇ ನಿಮಿಷದಲ್ಲಿ ಅಂದಾಜು ಮಾಡಬಲ್ಲರು. ಅಮ್ಮ 'ನಾನಿದ್ದು ಏನು ಪ್ರಯೋಜನ' ಅಂತ ಯಾವತ್ತಾದರೂ ಅಂದಿದ್ದರೆ ಮಾತು ಹಾರಿಸಬೇಡಿ. 'ಸಾಯಬೇಕು ಅನ್ನಿಸುತ್ತಾ?' ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವ ಹೆದರಿಕೆ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅಂದೇ ವೈದ್ಯರನ್ನು ಕಾಣಿ.

ಊಟಕ್ಕೂ ಮನಸ್ಸಿಗೂ ಇರುವ ನಂಟಿನ ಬಗ್ಗೆ ಈಗ ಬಹಳ ಬರುತ್ತಿದೆ, ನೀವೂ ಓದಿರುತ್ತೀರಿ. ಊಟ ಸಾಕಷ್ಟು ಸಿಗದ, ಸಿಕ್ಕ ಊಟದ ಮೇಲೆ ನಂಬಿಕೆ ಇಲ್ಲದ ವೃದ್ಧರಲ್ಲಿ ಖಿನ್ನತೆ ಹೆಚ್ಚು ಅನ್ನುವ ಬಗೆಯ ಅಧ್ಯಯನಗಳಿವೆ. ಇವನ್ನು ಓದುವಾಗ ಒಂದು ಎಚ್ಚರ ಬೇಕು. ಸಂಶೋಧಕರು ಒಂದೇ ಸಲ ಮನೆಗೆ ಹೋಗಿ ಊಟದ್ದು, ಮನಸ್ಸಿನದು ಎರಡೂ ಪ್ರಶ್ನೆ ಕೇಳಿ ಬಂದರೆ, ಊಟದ ಭಯದಿಂದ ಮನಸ್ಸು ಕುಗ್ಗಿತೋ, ಕುಗ್ಗಿದ ಮನಸ್ಸಿಗೆ ಊಟವೂ ಭಯವಾಯಿತೋ ಹೇಳಲಾಗುವುದಿಲ್ಲ. ನನ್ನ ಅನುಭವದಲ್ಲಿ ಎರಡೂ ನಡೆಯುತ್ತವೆ, ಒಂದು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಖಿನ್ನತೆ ಇದ್ದ 67 ಜನರಲ್ಲಿ ಒಂದು ಗುಂಪಿಗೆ ಊಟ ಸುಧಾರಿಸಲು ನೆರವು ಕೊಟ್ಟರು, ಆ ಗುಂಪು ಹೆಚ್ಚು ಚೇತರಿಸಿಕೊಂಡಿತು. ಚಿಕ್ಕ ಪ್ರಯೋಗ, ಆದರೂ ಆಸೆ ಹುಟ್ಟಿಸುವಂಥದ್ದು. ಮಾತ್ರೆಗಳ ಕಥೆ ಬೇರೆ. 50 ದಾಟಿದ 18 ಸಾವಿರಕ್ಕೂ ಹೆಚ್ಚು ಜನರಿಗೆ ವರ್ಷಗಟ್ಟಲೆ ವಿಟಮಿನ್ ಡಿ ಕೊಟ್ಟು ನೋಡಿದ ಅಮೆರಿಕದ ಅಧ್ಯಯನದಲ್ಲಿ ಖಿನ್ನತೆ ತಡೆಯಲು ಅದು ಕೆಲಸಕ್ಕೆ ಬರಲಿಲ್ಲ. ಮೀನೆಣ್ಣೆಯೂ ಬರಲಿಲ್ಲ. ಕೊರತೆ ಇದ್ದರೆ ಕೊಡಬೇಕು. ಮನಸ್ಸು ಸರಿಹೋಗಲಿ ಅಂತ ಡಬ್ಬಗಟ್ಟಲೆ ಪೌಷ್ಟಿಕ ಪುಡಿ ತಂದು ಸುರಿಯುವುದು ದುಡ್ಡು ದಂಡ.

ಒಬ್ಬರೇ ಕೂತು ಉಣ್ಣುವುದರ ಬಗ್ಗೆ ಜಪಾನಿನಲ್ಲಿ ವೃದ್ಧರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಒಂದು ಸಮೀಕ್ಷೆ ಇದೆ. ಒಬ್ಬರೇ ಇದ್ದು ಒಬ್ಬರೇ ಉಣ್ಣುವ ಗಂಡಸರಲ್ಲಿ ಮುಂದೆ ಖಿನ್ನತೆ ಹೆಚ್ಚಾಗಿ ಕಂಡಿತು. ಹೆಂಗಸರಲ್ಲಿ ಮನೆಯಲ್ಲಿ ಜನರಿದ್ದರೂ ತಟ್ಟೆ ಮುಂದೆ ಒಬ್ಬರೇ ಕೂರುವುದೇ ತೊಂದರೆ ತರುವಂತೆ ಕಂಡಿತು.

ಈಗ ಅನುಮಾನದ ಮಾತು. ಇಲ್ಲಿ ಒಂದು ಗೆರೆ ಇದೆ, ಸರಿಯಾಗಿ ಕಿವಿಗೊಡಿ. ಅಮ್ಮ 'ಇದನ್ನ ಎಲ್ಲಿಂದ ತಂದೆ?' ಅಂತ ಕೇಳುತ್ತಾರಾ, 'ಇದಕ್ಕೆ ಏನು ಹಾಕಿದ್ದೀಯ?' ಅಂತ ಕೇಳುತ್ತಾರಾ? ಮೊದಲನೆಯದು ಹೆದರಿಕೆ. ಕಾಯಿಲೆ ಬಿದ್ದು ಎದ್ದವರಿಗೆ ಬರುವಂಥದ್ದು. ಎರಡನೆಯದು, ಅಂದರೆ ನಮ್ಮವರೇ ವಿಷ ಬೆರೆಸುತ್ತಿದ್ದಾರೆ ಅನ್ನುವ ಗಟ್ಟಿ ನಂಬಿಕೆ, ಭ್ರಮೆಯ ಕಡೆಗೆ ಹೋಗುತ್ತದೆ. ತೀವ್ರ ಖಿನ್ನತೆಯಲ್ಲೂ ಮರೆವಿನ ಕಾಯಿಲೆಯಲ್ಲೂ ಅದು ಬರಬಹುದು. ಹಾಗಿದ್ದರೆ ಕಾಯಬೇಡಿ, ಈ ವಾರವೇ ಮನೋವೈದ್ಯರನ್ನು ನೋಡಿ.

ಬರೀ ಹೆದರಿಕೆಯಾದರೆ ಅದನ್ನು ಅಣಕಿಸಬೇಡಿ. ಅದಕ್ಕೊಂದು ಬುಡ ಇದೆ. ಕಲಬೆರಕೆ ಸುಳ್ಳಲ್ಲ. ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕೆಟ್ಟ ಆಹಾರದಿಂದ ಕಾಯಿಲೆ ಬೀಳುತ್ತಾರೆ, 4 ಲಕ್ಷ 20 ಸಾವಿರ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಕೊಟ್ಟಿತು. ಆದರೆ ಆ 60 ಕೋಟಿಯಲ್ಲಿ 55 ಕೋಟಿ ಭೇದಿ ತರುವ ಸೂಕ್ಷ್ಮಜೀವಿಗಳ ಕೆಲಸ. ಅಮ್ಮನ ಮೊಬೈಲಿನಲ್ಲಿ ಬರುವ ರಾಸಾಯನಿಕ, ಪ್ಲಾಸ್ಟಿಕ್, ಬಣ್ಣದ ವೀಡಿಯೊಗಳಿಗಿಂತ ಹೊರಗೆ ಉಳಿದ ಅನ್ನದ ಪಾತ್ರೆ ಅವರಿಗೆ ಹತ್ತಿರದ ಅಪಾಯ. ವಾದ ಮಾಡಿದರೆ ಮೊಬೈಲ್ ಗೆಲ್ಲುತ್ತದೆ. ಒಂದು ವೀಡಿಯೊ ಪೂರ್ತಿ ನೋಡಿದರೆ ಅಂಥವೇ ಹತ್ತು ಬರುತ್ತವೆ. ಪಕ್ಕದಲ್ಲಿ ಕೂತು ಅವರೊಡನೆ ಒಂದೆರಡು ನೋಡಿ, ಅವರ ಒಪ್ಪಿಗೆಯಿಂದ 'ಇಂಥದ್ದು ಬೇಡ' ಅನ್ನುವ ಗುಂಡಿ ಒತ್ತಿ, ಅವರಿಗೆ ಇಷ್ಟವಾದ ಹಾಡೋ ಹರಟೆಯೋ ಹುಡುಕಿಕೊಡಿ. ನಾಲ್ಕು ದಿನದಲ್ಲಿ ಪರದೆಯ ಬಣ್ಣವೇ ಬದಲಾಗುತ್ತದೆ.

ಕೊನೆಗೆ ನಿಮ್ಮ ನೇರ ಪ್ರಶ್ನೆ: ಅಡುಗೆ ನಿಲ್ಲಿಸಿ ಊಟ ತರಿಸಬೇಕಾ? ತರಿಸಬಹುದು. ಎರಡು ಅಪಾಯ ಗೊತ್ತಿರಲಿ. ಹೊರಗಿನಿಂದ ಬರುವ ಊಟ ಒಬ್ಬರಿಗೆ ಹೆಚ್ಚೇ ಇರುತ್ತದೆ, ಅದೂ ಡಬ್ಬಿಗೆ ಹೋಗುತ್ತದೆ. ಡಬ್ಬಿ ಹೊಸದು, ಕಥೆ ಹಳೆಯದು. ಇನ್ನೊಂದು, ಅಪ್ಪ ಹೋದ ಮೇಲೆ ಅಮ್ಮನಿಗೆ ತನ್ನದು ಅಂತ ಉಳಿದಿರುವ ಕೆಲಸ ಅಡುಗೆಯೊಂದೇ ಇರಬಹುದು. ಅದನ್ನೂ ಕಿತ್ತುಕೊಂಡರೆ ಬೆಳಿಗ್ಗೆ ಏಳುವುದು ಯಾತಕ್ಕೆ? ಒಲೆ ಆರಿಸದೆ ಮರೆಯುವ ಹಂತಕ್ಕೆ ಬಂದಿದ್ದರೆ ಮಾತು ಬೇರೆ. ಹಾಗಿಲ್ಲದಿದ್ದರೆ ನಾನು ನಿಲ್ಲಿಸುವುದಿಲ್ಲ. ಹಾಗಂತ ಏನೂ ಮಾಡದೆ ಬಿಡುವುದೂ ಆಗದು. ಇನ್ನೊಮ್ಮೆ ಅಂಥ ಭೇದಿಯಾದರೆ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಇದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ದೊಡ್ಡ ಪಾತ್ರೆಗಳನ್ನು ಮೇಲಿನ ಅಟ್ಟಕ್ಕೆ ಹಾಕಿ ಒಬ್ಬರಿಗೆ ಸಾಕಾಗುವ ಚಿಕ್ಕ ಪಾತ್ರೆ, ಅಕ್ಕಿಗೆ ಒಂದು ಚಿಕ್ಕ ಲೋಟ ಇಡುತ್ತಿದ್ದೆ. ಕೈ ಅಳತೆ ಬದಲಾಗದಿದ್ದರೂ ಲೋಟದ ಅಳತೆ ಬದಲಾಗುತ್ತದೆ. ಫ್ರಿಡ್ಜ್ ಒಳಗೆ ಒಂದು ಥರ್ಮಾಮೀಟರ್ ಇಟ್ಟು 5 ಡಿಗ್ರಿಗಿಂತ ಕೆಳಗಿದೆಯಾ ನೋಡುತ್ತಿದ್ದೆ. ಹಳೇ ಫ್ರಿಡ್ಜ್‌ಗಳಲ್ಲಿ 9, 10 ಕಂಡು ಬೆಚ್ಚಿದ್ದೇನೆ. ಡಬ್ಬಿಗಳೆಲ್ಲ ಒಳಗಿರುವುದು ಕಾಣುವ, ಸಡಿಲ ಮುಚ್ಚಳದವು. ಮೇಲೆ ದಪ್ಪ ಅಕ್ಷರದಲ್ಲಿ ವಾರದ ಹೆಸರು, ಅದನ್ನು ಅಮ್ಮನೇ ಬರೆಯಲಿ. ಎರಡು ದಿನ ದಾಟಿದ್ದು ಹೊರಗೆ. ಬಿಸಿ ಮಾಡುವುದು ಒಂದೇ ಸಲ, ಹಬೆ ಏಳುವವರೆಗೆ. ನೀವು ಹೋದ ದಿನ ಒಟ್ಟಿಗೆ ಅಡುಗೆ ಮಾಡಿ, ಒಂದೊಂದು ಊಟದಷ್ಟು ಫ್ರೀಜರಿಗೆ ಹಾಕಿ. ಎಸೆಯುವ ಕೆಲಸವನ್ನು ಅವರ ಕೈಯಲ್ಲೇ ಮಾಡಿಸಿ. 'ಇದು ಹಳೇದಾಗಿದೆ' ಅಂತ ನೀವು ಹೇಳುವುದಕ್ಕಿಂತ 'ಇದು ಯಾವತ್ತಿನದಮ್ಮಾ?' ಅಂತ ಕೇಳುವುದು ಬೇಗ ಕೆಲಸ ಮಾಡುತ್ತದೆ. ಉಳಿದ ದಿನ ಊಟದ ಹೊತ್ತಿಗೆ ಫೋನ್ ಮಾಡಿ, ಎರಡೂ ಕಡೆ ತಟ್ಟೆ ಇರಲಿ. ಪೂರ್ತಿ ಸಮಾಧಾನ ಅಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿ.

ಖಿನ್ನತೆ ಅಂತ ಗೊತ್ತಾದರೆ ಮಾತಿನ ಚಿಕಿತ್ಸೆ ಈ ವಯಸ್ಸಿನಲ್ಲೂ ಫಲ ಕೊಡುತ್ತದೆ. 'ಮುದುಕರಿಗೆ ಕೌನ್ಸೆಲಿಂಗ್ ಯಾಕೆ' ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಮಾತ್ರೆ ಬೇಕಾದರೆ ತಗೊಳ್ಳಿ, ಆದರೆ ಕೆಲವು ಖಿನ್ನತೆ ಮಾತ್ರೆಗಳು ವಯಸ್ಸಾದವರಲ್ಲಿ, ಮೊದಲ ಕೆಲವು ವಾರಗಳಲ್ಲಿ, ಸೋಡಿಯಂ ಇಳಿಸುತ್ತವೆ. ಮತ್ತೆ ಗೊಂದಲ ಬಂದರೆ ಮನೆಯವರು ಪುನಃ 'ಮರೆವು' ಅನ್ನುತ್ತಾರೆ. ಎರಡು ವಾರದೊಳಗೆ ಸೋಡಿಯಂ ಪರೀಕ್ಷೆ ಮಾಡಿಸಲು ಕೇಳಿ. ಹಸಿವು ಹೆಚ್ಚಿಸುವ ಬಗೆಯ ಮಾತ್ರೆಯೂ ಇದೆ, ಅದು ಮಂಪರು ತರುತ್ತದೆ, ರಾತ್ರಿ ಎದ್ದಾಗ ಬೀಳುವ ಅಪಾಯ ನೋಡಿಕೊಳ್ಳಬೇಕು.

ವೈದ್ಯರ ಬಳಿ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ನಿಲ್ಲಿಸಿದ್ದು, ಅಂಗಡಿಯಿಂದ ತಾವೇ ತಂದದ್ದು ಸೇರಿ. ತೂಕ ಯಾವ ತಿಂಗಳು ಎಷ್ಟಿತ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ರಾತ್ರಿಯ ಗೊಂದಲ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಬಿಟ್ಟಿತು, ಅದನ್ನೂ. ಇನ್ನು ಮುಂದೆ ಭೇದಿಯ ಜೊತೆ ಮಾತು ತೊದಲಿದರೆ, ಮಂಕಾದರೆ, ಎಂಟು ಗಂಟೆ ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಎದ್ದು ನಿಂತಾಗ ತಲೆ ಸುತ್ತಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕರೆದುಕೊಂಡು ಹೋಗಿ. ವೈದ್ಯರ ಕೋಣೆಯಲ್ಲಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿ ನೀವೇ ಎಲ್ಲ ಹೇಳಿ ಮುಗಿಸಬೇಡಿ. ಅವರು ಹೇಳಲಿ, ನೀವು ಹತ್ತು ನಿಮಿಷ ಹೊರಗೆ ಕೂತಿರಿ.